ಭಾರತದ ಜಲಲೆಕ್ಕದಲ್ಲಿ ವಾರ್ಷಿಕ ವೃಷ್ಟಿ: 4000, 3880 ಮತ್ತು 3560 ಎಂಬ ಅಂಕಿಗಳ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ಉದ್ದೇಶ ಮತ್ತು ವ್ಯಾಪ್ತಿ

ಸರಾಸರಿ ವರ್ಷವೊಂದರಲ್ಲಿ ಭಾರತದ ಭೂಭಾಗದ ಮೇಲೆ ಬೀಳುವ ಒಟ್ಟು ನೀರಿನ ಪ್ರಮಾಣಕ್ಕೆ ಚಾಲ್ತಿಯಲ್ಲಿರುವ ದಾಖಲೆಗಳಲ್ಲಿ ಕನಿಷ್ಠ ಮೂರು ಅಂಕಿಗಳು ಸಿಗುತ್ತವೆ. ದಶಕಗಳಿಂದ ಸರ್ಕಾರಿ ಪ್ರಕಟಣೆಗಳಲ್ಲಿ ಮರುಕಳಿಸುತ್ತಿರುವ ಅಂಕಿ 4000 ಬಿಸಿಎಂ. ಕೇಂದ್ರ ಜಲ ಆಯೋಗವು ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆಗೂಡಿ 2019ರಲ್ಲಿ ಹೊರತಂದ ಮರುಮೌಲ್ಯಮಾಪನದ ಅಂಕಿ 3880 ಬಿಸಿಎಂ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ವಾಸ್ಟಾಟ್ ದತ್ತಕೋಶದಲ್ಲಿರುವುದು 3560 ಬಿಸಿಎಂ.

ಈ ಮೂರನ್ನೂ ಕಾಲಾನುಕ್ರಮದಲ್ಲಿಟ್ಟು ದೇಶದ ಮಳೆ ಕುಗ್ಗಿದೆ ಎಂದು ಓದುವುದು ಸುಲಭ. ಆ ಓದಿಗೆ ಈ ಅಂಕಿಗಳಷ್ಟರಿಂದಲೇ ಆಧಾರ ಸಿಗುವುದಿಲ್ಲ ಎಂಬುದು ಈ ಟಿಪ್ಪಣಿಯ ಪ್ರತಿಪಾದನೆ. ಅಂತರದ ಬಹುಪಾಲು ವಿಸ್ತೀರ್ಣ, ಅವಧಿ, ಮಾಪನ ಜಾಲ ಮತ್ತು ವ್ಯಾಖ್ಯೆಗಳ ಭಿನ್ನತೆಯಿಂದ ಬಂದಿರುವುದು ಸಾಧ್ಯ. ಮಳೆಯ ದೀರ್ಘಾವಧಿ ಪ್ರವೃತ್ತಿ ಇಲ್ಲಿಯ ವಿಷಯವಲ್ಲ.

ಬಳಕೆಯ ಕ್ರಮ: ಬಿಸಿಎಂ ಎಂದರೆ ಶತಕೋಟಿ ಘನ ಮೀಟರ್, ಅಂದರೆ 1 ಘನ ಕಿ.ಮೀ., ಸುಮಾರು 35.3 ಟಿಎಂಸಿ. 'ವೃಷ್ಟಿ' ಎಂಬಲ್ಲಿ ಮಳೆ, ಹಿಮ, ಆಲಿಕಲ್ಲುಗಳೆಲ್ಲ ಸೇರಿವೆ. 'ಮಳೆ' ಎಂಬಲ್ಲಿ ದ್ರವರೂಪದ್ದು ಮಾತ್ರ. ಆಳದಿಂದ ಗಾತ್ರಕ್ಕೆ, ಗಾತ್ರದಿಂದ ಆಳಕ್ಕೆ ಮಾಡಿದ ಪರಿವರ್ತನೆಗಳನ್ನು, ಬೇರೆ ಸೂಚನೆ ಇಲ್ಲದ ಕಡೆ, ಈ ಟಿಪ್ಪಣಿಗಾಗಿಯೇ ಮಾಡಲಾಗಿದೆ.

ಅಂತರದ ಗಾತ್ರದ ಅಂದಾಜಿಗೆ: 4000 ಮತ್ತು 3880ರ ನಡುವಿನ ವ್ಯತ್ಯಾಸ 120 ಬಿಸಿಎಂ. ಕಾವೇರಿ ಜಲವಿವಾದ ನ್ಯಾಯಮಂಡಳಿಯು 2007ರ ಫೆಬ್ರುವರಿ 5ರ ಅಂತಿಮ ತೀರ್ಪಿನಲ್ಲಿ ಶೇ 50ರ ಅವಲಂಬನೀಯತೆಯಲ್ಲಿ ಇಡೀ ಕಾವೇರಿ ಜಲಾನಯನದ ಇಳುವರಿ ಎಂದು ಒಪ್ಪಿದ್ದು 740 ಟಿಎಂಸಿ, ಅಂದರೆ 20.95 ಬಿಸಿಎಂ. ವ್ಯತ್ಯಾಸವು ಅದರ ಸುಮಾರು 5.7 ಪಟ್ಟು. 4000 ಮತ್ತು 3560ರ ನಡುವಿನ 440 ಬಿಸಿಎಂ ಸುಮಾರು 21 ಪಟ್ಟು. ಒಂದು ನದಿಯ ಹರಿವು, ಇನ್ನೊಂದು ಆಕಾಶದಿಂದ ಬಿದ್ದ ನೀರು. ಆದ್ದರಿಂದ ಈ ಹೋಲಿಕೆ ಗಾತ್ರಕ್ಕಷ್ಟೇ ಸೀಮಿತ.

2. ಲೆಕ್ಕದ ಚೌಕಟ್ಟಿನಲ್ಲಿ ವೃಷ್ಟಿಯ ಸ್ಥಾನ

ಜಲಲೆಕ್ಕಕ್ಕೆ ಈಗ ಸಾಮಾನ್ಯವಾಗಿ ಅನುಸರಿಸುವ ಚೌಕಟ್ಟು ವಿಶ್ವಸಂಸ್ಥೆಯ ಪರಿಸರ-ಆರ್ಥಿಕ ಲೆಕ್ಕಪದ್ಧತಿಯ ಜಲಭಾಗ. ಅದನ್ನು ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗವು 2007ರಲ್ಲಿ ಮಧ್ಯಂತರ ಮಾನಕವಾಗಿ ಅಂಗೀಕರಿಸಿತು. ಅಂತಿಮ ರೂಪ 2012ರಲ್ಲಿ ಅಚ್ಚಾಯಿತು. ಭಾರತದಲ್ಲಿ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯವು 'ಎನ್ವಿಸ್ಟಾಟ್ಸ್ ಇಂಡಿಯಾ' ಮಾಲಿಕೆಯ 2018ರ ಪುರವಣಿಯಲ್ಲಿ ಭೂಮಿ, ಅರಣ್ಯ, ಖನಿಜಗಳ ಜೊತೆ ನೀರಿಗೂ ಭೌತಿಕ ಆಸ್ತಿಲೆಕ್ಕವನ್ನು ಕೊಟ್ಟಿದೆ.

ಈ ಚೌಕಟ್ಟಿನಲ್ಲಿ ವೃಷ್ಟಿಯು ಆಸ್ತಿಲೆಕ್ಕದ ಜಮೆಯ ಬದಿಗೆ ಬರುತ್ತದೆ. ಲೆಕ್ಕದ ಅವಧಿಯಲ್ಲಿ ಉಲ್ಲೇಖಿತ ಭೂಭಾಗದ ಮೇಲೆ ಬಿದ್ದದ್ದನ್ನು, ಆವಿ-ಬಾಷ್ಪವಿಸರ್ಜನೆ ಕಳೆಯುವ ಮೊದಲೇ, ದಾಖಲಿಸಬೇಕು. ಎರಡು ನಿಯಮಗಳು ಇಲ್ಲಿ ಗಮನಾರ್ಹ. ಒಂದು, ವೃಷ್ಟಿಯ ಬಹುಭಾಗ ಮಣ್ಣಿನ ತೇವದ ಕಾಲಮ್ಮಿಗೆ, ಉಳಿದದ್ದು ಕೆರೆ, ನದಿ, ಜಲಾಶಯ, ಹಿಮ ಮೊದಲಾದ ಮೇಲ್ಮೈ ಜಲದ ಕಾಲಮ್ಮುಗಳಿಗೆ ಹೋಗುತ್ತದೆ. ಎರಡು, ಅಂತರ್ಜಲದ ಕಾಲಮ್ಮಿನಲ್ಲಿ ವೃಷ್ಟಿಯ ನೇರ ನಮೂದು ಇಲ್ಲ. ನೀರು ಮಣ್ಣಿನ ಅಥವಾ ಮೇಲ್ಮೈ ಜಲದ ಮೂಲಕವೇ ಜಲಧರಕ್ಕೆ ಇಳಿಯುತ್ತದೆಂದು ಭಾವಿಸಿ, ಅದನ್ನು 'ಇತರ ಜಲಮೂಲಗಳಿಂದ ಒಳಹರಿವು' ಎಂದು ಬರೆಯಲಾಗುತ್ತದೆ. ಭಾರತದ ಅಂತರ್ಜಲ ಅಂದಾಜಿನ ಪದ್ಧತಿ ಈ ಎರಡನೆಯ ನಿಯಮಕ್ಕೆ ಹೊಂದುವುದಿಲ್ಲ. ಆ ವಿಚಾರ 9ನೇ ಭಾಗದಲ್ಲಿದೆ.

ವೃಷ್ಟಿಯ ಸಾಲು ಇಡೀ ಲೆಕ್ಕದ ಅತಿ ದೊಡ್ಡ ಜಮೆ. ಅದರಲ್ಲಿಯ ಶೇ 3ರ ಅನಿಶ್ಚಿತತೆ ಕೆಳಗಿನ ಹಲವು ಸಾಲುಗಳ ಪೂರ್ಣ ಮೊತ್ತವನ್ನು ಮೀರಬಲ್ಲದು.

3. ಚಾಲ್ತಿಯಲ್ಲಿರುವ ಅಂಕಿಗಳು

ಕೆಳಗಿನ ಐದನ್ನೂ ಹೋಲಿಕೆಯ ಸಲುವಾಗಿ 32,87,263 ಚದರ ಕಿ.ಮೀ. ಎಂಬ ಒಂದೇ ವಿಸ್ತೀರ್ಣಕ್ಕೆ ತರಲಾಗಿದೆ. ಈ ವಿಸ್ತೀರ್ಣದ ಮೇಲೆ 1 ಮಿ.ಮೀ. ಆಳ ಎಂದರೆ 3.287 ಬಿಸಿಎಂ. ಪ್ರತಿ ಸಾಲಿನಲ್ಲಿ ಮೊದಲಿನದು ಮೂಲದ ಅಂಕಿ, ಎರಡನೆಯದು ಪರಿವರ್ತಿತ ಅಂಕಿ.

(ಅ) ರಾಷ್ಟ್ರೀಯ ಕೃಷಿ ಆಯೋಗ, 1976: 4000 ಬಿಸಿಎಂ, 1216.8 ಮಿ.ಮೀ.
(ಆ) ಕೇಂದ್ರ ಜಲ ಆಯೋಗ, 2019 (ಅವಧಿ 1985–2015): 3880 ಬಿಸಿಎಂ, 1180.3 ಮಿ.ಮೀ.
(ಇ) ಭಾರತೀಯ ಹವಾಮಾನ ಇಲಾಖೆ, 1961–2010ರ ವಾಡಿಕೆ: 1176.9 ಮಿ.ಮೀ.; 3868.8 ಬಿಸಿಎಂ
(ಈ) ಭಾರತೀಯ ಹವಾಮಾನ ಇಲಾಖೆ, 1971–2020ರ ವಾಡಿಕೆ: 1160.1 ಮಿ.ಮೀ.; 3813.6 ಬಿಸಿಎಂ
(ಉ) ಅಕ್ವಾಸ್ಟಾಟ್, ದೀರ್ಘಾವಧಿ ಸರಾಸರಿ: 1083 ಮಿ.ಮೀ.; 3560.1 ಬಿಸಿಎಂ

ಮೂರು ಸಂಗತಿಗಳು ಕಾಣುತ್ತವೆ. ಮೊದಲನೆಯದಾಗಿ, ಗರಿಷ್ಠ-ಕನಿಷ್ಠಗಳ ಅಂತರ ಗರಿಷ್ಠದ ಶೇ 11. ಎರಡನೆಯದಾಗಿ, (ಆ) ಮತ್ತು (ಇ)ಗಳ ಅಂತರ ಕೇವಲ 11.2 ಬಿಸಿಎಂ, ಶೇ 0.3ರಷ್ಟು. ಇದು ಒಂದನ್ನೊಂದು ದೃಢಪಡಿಸುವ ಸಾಕ್ಷ್ಯದಂತೆ ತೋರಿದರೂ ಎರಡರ ಅವಧಿ ಬೇರೆ, ಸಂಸ್ಕರಣೆ ಬೇರೆ. ಹೊಂದಾಣಿಕೆ ಭಾಗಶಃ ಕಾಕತಾಳೀಯ ಆಗಿರಬಹುದು. ಮೂರನೆಯದಾಗಿ, ಅಕ್ವಾಸ್ಟಾಟಿನ 3560 ಎಂಬುದು 1083 ಮಿ.ಮೀ. ಆಳವನ್ನು ದೇಶದ ಪೂರ್ಣ ವಿಸ್ತೀರ್ಣದಿಂದ ಗುಣಿಸಿದ ಫಲ. ಅಂದರೆ ಅದು ಸ್ವತಂತ್ರ ಗಾತ್ರಮಾಪನವಲ್ಲ. ಆಳದಲ್ಲಿರುವ ದೋಷವೆಲ್ಲ ಗಾತ್ರಕ್ಕೂ ಹಾಗೆಯೇ ಸಾಗಿದೆ.

4. 4000ರ ನಿಖರತೆ

ರಾಷ್ಟ್ರೀಯ ಕೃಷಿ ಆಯೋಗದ 1976ರ ವರದಿಯಲ್ಲಿ ಈ ಅಂಕಿ ಇರುವುದು 400 ದಶಲಕ್ಷ ಹೆಕ್ಟೇರ್-ಮೀಟರ್ ಎಂಬ ರೂಪದಲ್ಲಿ. 1 ದಶಲಕ್ಷ ಹೆಕ್ಟೇರ್-ಮೀಟರ್ 10 ಬಿಸಿಎಂಗೆ ಸಮ. ಈ ಮೊತ್ತದಲ್ಲಿ ಹಿಮವೂ ಸೇರಿದೆ. ವರದಿ ಅದನ್ನು ಮೂರು ಪಾಲು ಮಾಡುತ್ತದೆ: ತಕ್ಷಣ ಆವಿಯಾಗುವುದು 70, ಮಣ್ಣಿಗೆ ಇಂಗುವುದು 215, ಮೇಲ್ಮೈ ಹರಿವು 115. ಇಂಗಿದ 215ರಲ್ಲಿ 165 ಮಣ್ಣಿನ ತೇವವಾಗಿ ಉಳಿಯುತ್ತದೆ, 50 ಅಂತರ್ಜಲಕ್ಕೆ ಸೇರುತ್ತದೆ.

ಈ ಅಂಕಿಗಳೆಲ್ಲ 5ರ ಗುಣಕಗಳು. ಆದ್ದರಿಂದ ಮೂಲದ ಪೂರ್ಣಾಂಕೀಕರಣದ ಹೆಜ್ಜೆ 5 ದಶಲಕ್ಷ ಹೆಕ್ಟೇರ್-ಮೀಟರ್‌ಗಿಂತ ಸಣ್ಣದಿರಲಾರದು ಎಂದು ಊಹಿಸಬಹುದು. ಹಾಗಿದ್ದರೆ ಪ್ರತಿ ಪಾಲಿನಲ್ಲಿ ±2.5, ಮೂರು ಪಾಲುಗಳ ಮೊತ್ತದಲ್ಲಿ ಅತಿ ಹೆಚ್ಚೆಂದರೆ ±7.5, ಅಂದರೆ ±75 ಬಿಸಿಎಂ ಅನಿಶ್ಚಿತತೆ ಪೂರ್ಣಾಂಕೀಕರಣದಿಂದಲೇ ಹುಟ್ಟುತ್ತದೆ. ಇದರಲ್ಲಿ ಮಾಪನದ ದೋಷ ಸೇರಿಲ್ಲ. 400 ಎಂದು ಓದಿದಾಗ ಅಂದಾಜು ಎಂದು ತಿಳಿಯುತ್ತಿದ್ದದ್ದು, 4000 ಬಿಸಿಎಂ ಎಂಬ ನಾಲ್ಕಂಕಿಯ ರೂಪ ತಾಳಿದ ಮೇಲೆ ಇಲ್ಲದ ನಿಖರತೆಯನ್ನು ಸೂಚಿಸುತ್ತದೆ.

ಒಂದು ಅಂಶದಲ್ಲಿ ಮಾತ್ರ ಹಳೆಯ ಮತ್ತು ಹೊಸ ಅಂಕಿಗಳು ನಿಕಟವಾಗಿ ಹೊಂದುತ್ತವೆ. ಆಯೋಗವು 400ರಲ್ಲಿ ಸುಮಾರು 300 ಭಾಗ ಜೂನ್–ಸೆಪ್ಟೆಂಬರ್ ಅವಧಿಯದೆಂದು, ಅಂದರೆ ಶೇ 75 ಎಂದು ಹೇಳುತ್ತದೆ. ಹವಾಮಾನ ಇಲಾಖೆಯ 1961–2010ರ ವಾಡಿಕೆಯಲ್ಲಿ ಮುಂಗಾರಿನ ಪಾಲು 880.6 ಮಿ.ಮೀ., ವಾರ್ಷಿಕ ಮೊತ್ತದ ಶೇ 74.8, 1971–2020ರ ವಾಡಿಕೆಯಲ್ಲಿ 868.6 ಮಿ.ಮೀ., ಶೇ 74.9. ಮೊತ್ತ ಬದಲಾದರೂ ಹಂಚಿಕೆ ಬಹುಮಟ್ಟಿಗೆ ಸ್ಥಿರವಾಗಿದೆ.

5. ವಿಸ್ತೀರ್ಣದ ಪ್ರಶ್ನೆ

32,87,263 ಚದರ ಕಿ.ಮೀ. ದೇಶದ ಅಧಿಕೃತ ಭೌಗೋಳಿಕ ವಿಸ್ತೀರ್ಣ. ಜನಗಣತಿಯ ಟಿಪ್ಪಣಿಗಳ ಪ್ರಕಾರ ಇದರಲ್ಲಿ ಪಾಕಿಸ್ತಾನದ ಅಕ್ರಮ ವಶದಲ್ಲಿರುವ 78,114, ಪಾಕಿಸ್ತಾನವು ಚೀನಾಕ್ಕೆ ಒಪ್ಪಿಸಿದ 5,180 ಮತ್ತು ಚೀನಾದ ವಶದಲ್ಲಿರುವ 37,555 ಚದರ ಕಿ.ಮೀ. ಸೇರಿವೆ, ಒಟ್ಟು 1,20,849. ಜನಸಾಂದ್ರತೆ ಲೆಕ್ಕ ಹಾಕುವಾಗ ಜನಗಣತಿ ಈ ಭಾಗವನ್ನು ಹೊರಗಿಡುತ್ತದೆ. ಮಳೆಯ ಗಾತ್ರ ಹೇಳುವಾಗ ಅಂಥ ಸೂಚನೆ ಸಾಮಾನ್ಯವಾಗಿ ಕಾಣುವುದಿಲ್ಲ.

ಹೊರಗಿಟ್ಟರೆ ಉಳಿಯುವುದು 31,66,414 ಚದರ ಕಿ.ಮೀ. 1160.1 ಮಿ.ಮೀ. ವಾಡಿಕೆಯನ್ನು ಇದಕ್ಕೆ ಅನ್ವಯಿಸಿದರೆ 3673.4 ಬಿಸಿಎಂ, ಪೂರ್ಣ ವಿಸ್ತೀರ್ಣದ 3813.6ಕ್ಕೆ ಹೋಲಿಸಿದರೆ 140.2 ಬಿಸಿಎಂ ಕಡಿಮೆ. ಅಂದರೆ ವಿಸ್ತೀರ್ಣದ ಒಂದೇ ಆಯ್ಕೆ 4000 ಮತ್ತು 3880ರ ನಡುವಿನ ಅಂತರವನ್ನು ಮೀರುವ ಬದಲಾವಣೆ ತರಬಲ್ಲದು.

ಪೂರ್ಣ ವಿಸ್ತೀರ್ಣದಿಂದ ಗುಣಿಸುವುದು, ಮಾಪಕವಿಲ್ಲದ ನೆಲಕ್ಕೂ ರಾಷ್ಟ್ರೀಯ ಸರಾಸರಿಯಷ್ಟೇ ಮಳೆ ಎಂದು ಒಪ್ಪಿಕೊಂಡಂತೆ. ಇದು ಅಧಿಕ ಅಂದಾಜು ಆಗಿರುವ ಸಂಭವ ಹೆಚ್ಚು. ಲೇಹ್‌ನ ವಾರ್ಷಿಕ ವೃಷ್ಟಿ ಸುಮಾರು 100 ಮಿ.ಮೀ.; ಅಕ್ಸಾಯ್ ಚಿನ್ ಮತ್ತು ಗಿಲ್ಗಿಟ್ ಕಣಿವೆಗಳೂ ಶುಷ್ಕ. ಆದರೆ ಮುಜಫರಾಬಾದ್ ಕಡೆಯ ತಪ್ಪಲು ಮುಂಗಾರಿನ ಪರಿಣಾಮಕ್ಕೆ ಒಳಪಟ್ಟದ್ದು, ಅಲ್ಲಿ ಮಳೆ ಸಾಕಷ್ಟಿದೆ. ಆದ್ದರಿಂದ 3673 ಮತ್ತು 3814ರ ನಡುವೆ ಯಾವ ಬಿಂದು ಸರಿ ಎಂಬುದನ್ನು ಗುಣಾಕಾರದಿಂದ ತೀರ್ಮಾನಿಸಲಾಗದು. ಕೆಳಗಿನ ಅಂಚಿಗೆ ಹತ್ತಿರ ಎನ್ನುವಷ್ಟು ಮಾತ್ರ ಸಮರ್ಥನೀಯ.

ಅಖಿಲ ಭಾರತ ಮಳೆಯ ಸರಣಿಗಳಲ್ಲೂ ಇದೇ ಬಗೆಯ ಭಿನ್ನತೆ ಇದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ 1871ರಿಂದ ಕಟ್ಟಿದ ಪ್ರಸಿದ್ಧ ಸರಣಿ 306 ಕೇಂದ್ರಗಳನ್ನು ಆಧರಿಸಿದೆ, ಹಿಮಾಲಯದ ಗುಡ್ಡಗಾಡು ಉಪವಿಭಾಗಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದೆ. ಕಾಲಿಕ ಏರಿಳಿತದ ಅಧ್ಯಯನಕ್ಕೆ ಅದು ಸೂಕ್ತ. ರಾಷ್ಟ್ರೀಯ ಗಾತ್ರದ ಲೆಕ್ಕಕ್ಕೆ ನೇರವಾಗಿ ಬಳಸಲು ಅಲ್ಲ.

6. ಅವಧಿ ಮತ್ತು ವಾಡಿಕೆ

6.1. ವಾಡಿಕೆಯ ಪರಿಷ್ಕರಣೆ. 2022ರ ಏಪ್ರಿಲ್ 14ರಂದು ಹವಾಮಾನ ಇಲಾಖೆ ಮುಂಗಾರಿನ ವಾಡಿಕೆಯನ್ನು 880.6ರಿಂದ 868.6 ಮಿ.ಮೀ.ಗೆ, ವಾರ್ಷಿಕ ವಾಡಿಕೆಯನ್ನು 1176.9ರಿಂದ 1160.1 ಮಿ.ಮೀ.ಗೆ ಪರಿಷ್ಕರಿಸಿತು. ಎರಡು ಅವಧಿಗಳಿಗೂ 1971–2010ರ 40 ವರ್ಷಗಳು ಸಮಾನ. ಬದಲಾದದ್ದು 1961–1970 ಹೋಗಿ 2011–2020 ಬಂದದ್ದು ಮಾತ್ರ. ಜಾಲ ಮತ್ತು ಪದ್ಧತಿ ಒಂದೇ ಆಗಿದ್ದರೆ, 16.8 ಮಿ.ಮೀ. ಇಳಿಕೆಗೆ ಈ ಎರಡು ದಶಕಗಳ ಸರಾಸರಿಗಳ ನಡುವೆ 84 ಮಿ.ಮೀ. ಅಂತರ ಇರಬೇಕು (16.8 × 50 ÷ 10). ಮುಂಗಾರಿಗೆ ಇದೇ ಲೆಕ್ಕ 60 ಮಿ.ಮೀ. ಕೊಡುತ್ತದೆ. ಆದರೆ ಹೊಸ ವಾಡಿಕೆಯಲ್ಲಿ 700ಕ್ಕೂ ಹೆಚ್ಚು ಜಿಲ್ಲೆಗಳ 4000ಕ್ಕೂ ಹೆಚ್ಚು ಕೇಂದ್ರಗಳಿವೆ. ಹಳೆಯದರಲ್ಲಿ ಕೇಂದ್ರಗಳು ಕಡಿಮೆ. ಆದ್ದರಿಂದ 84 ಮಿ.ಮೀ.ನಲ್ಲಿ ಹವಾಮಾನದ ಪಾಲೆಷ್ಟು, ಜಾಲದ ಪಾಲೆಷ್ಟು ಎಂದು ಈ ಎರಡು ಸರಾಸರಿಗಳಿಂದ ಬೇರ್ಪಡಿಸಲಾಗದು. ಇಲಾಖೆಯು ಇಳಿಕೆಯನ್ನು ಶುಷ್ಕ ಮತ್ತು ಆರ್ದ್ರ ಕಾಲಖಂಡಗಳ ಸಹಜ ಬಹುದಶಕೀಯ ಏರಿಳಿತದ ಭಾಗವೆಂದು ವಿವರಿಸಿದೆ.

ಪರಿಷ್ಕರಣೆಯ ಒಂದು ಉಪಫಲವೆಂದರೆ ಶೇಕಡಾವಾರು ಮಾತಿನ ಅಸ್ಥಿರತೆ. 875 ಮಿ.ಮೀ. ಮಳೆಯಾದ ಮುಂಗಾರು ಹಳೆಯ ವಾಡಿಕೆಯಲ್ಲಿ ಶೇ 99.4, ಹೊಸದರಲ್ಲಿ ಶೇ 100.7. ಲೆಕ್ಕದಲ್ಲಿ ಶೇಕಡಾವಾರನ್ನು ಬರೆದು ಆಧಾರ ಅವಧಿಯನ್ನು ಬಿಟ್ಟರೆ ಗಾತ್ರವನ್ನು ಮರಳಿ ಪಡೆಯುವುದು ಸಾಧ್ಯವಿಲ್ಲ.

6.2. ಸರಾಸರಿಯ ಮಾನಕ ದೋಷ. ಅಖಿಲ ಭಾರತ ಮುಂಗಾರಿನ ಮಾನಕ ವಿಚಲನೆ ದೀರ್ಘಾವಧಿ ಸರಾಸರಿಯ ಸುಮಾರು ಶೇ 10. ವರ್ಷಗಳು ಪರಸ್ಪರ ಸ್ವತಂತ್ರ ಎಂದು ಭಾವಿಸಿದರೆ, 30 ವರ್ಷಗಳ ಸರಾಸರಿಯ ಮಾನಕ ದೋಷ ಸುಮಾರು 15.9 ಮಿ.ಮೀ., ಅಂದರೆ 52 ಬಿಸಿಎಂ. ಅದರ ಎರಡು ಪಟ್ಟು 104 ಬಿಸಿಎಂ. ಬಹುದಶಕೀಯ ಏರಿಳಿತ ಇರುವುದರಿಂದ ಸ್ವಾತಂತ್ರ್ಯದ ಊಹೆ ಪೂರ್ತಿ ನಿಲ್ಲುವುದಿಲ್ಲ. ನಿಜವಾದ ದೋಷ ಇದಕ್ಕಿಂತ ಹೆಚ್ಚಿರಬಹುದು. ಇದು ಮುಂಗಾರಿನದು ಮಾತ್ರ. ಹೀಗಾಗಿ 120 ಬಿಸಿಎಂ ಅಂತರ ಕೇವಲ ಅವಧಿಯ ಆಯ್ಕೆಯಿಂದ ಹುಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

6.3. ವರ್ಷದ ವ್ಯಾಖ್ಯೆ. ಹವಾಮಾನ ಇಲಾಖೆಯ ವಾರ್ಷಿಕ ಮೊತ್ತ ಜನವರಿ–ಡಿಸೆಂಬರ್‌ನದು, ಜಲವರ್ಷ ಜೂನ್–ಮೇ. 1985–2015 ಎಂಬುದನ್ನು 30 ವರ್ಷ ಎಂದು ಎಣಿಸಿರುವುದು 1985–86ರಿಂದ 2014–15ರವರೆಗಿನ ಜಲವರ್ಷಗಳಿಗೆ ಹೊಂದುತ್ತದೆ. ಪಂಚಾಂಗ ವರ್ಷಗಳಾದರೆ 31 ಆಗುತ್ತಿತ್ತು. ದೀರ್ಘಾವಧಿ ಸರಾಸರಿಯಲ್ಲಿ ಈ ಭೇದ ನಗಣ್ಯ. ಒಂದೇ ವರ್ಷದ ಲೆಕ್ಕದಲ್ಲಿ, ಅದರಲ್ಲೂ ಮುಂಗಾರುಪೂರ್ವ ಮಳೆ ಗಣನೀಯವಾಗಿರುವ ಅಸ್ಸಾಂ, ಕೇರಳ, ದಕ್ಷಿಣ ಕರ್ನಾಟಕದಂಥ ಪ್ರದೇಶಗಳಲ್ಲಿ, ನಗಣ್ಯವೆನ್ನಲಾಗದು. ದಿನದ ಗಡಿಯೂ ಗಮನಾರ್ಹ: ಇಲಾಖೆಯ ಮಳೆದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ. ಜಾಗತಿಕ ಉಪಗ್ರಹ ದತ್ತಾಂಶದೊಡನೆ ಹೋಲಿಸುವಾಗ ಈ ಗಡಿಯನ್ನು ಹೊಂದಿಸದಿದ್ದರೆ ದೈನಿಕ ಮಟ್ಟದಲ್ಲಿ ಹುಸಿ ವ್ಯತ್ಯಾಸ ಬರುತ್ತದೆ.

7. ಮಾಪಕ, ಜಾಲ ಮತ್ತು ಜಾಲಕ

7.1. ಮಾಪಕದ ಕೊರತೆ. ಮಳೆಮಾಪಕ ಅಳೆಯುವುದು ಅದರ ಬಾಯಿಗೆ ಬಿದ್ದದ್ದನ್ನು. ವಿಶ್ವ ಹವಾಮಾನ ಸಂಸ್ಥೆಯ ಉಪಕರಣ ಮಾರ್ಗದರ್ಶಿಯು ಗಾಳಿಯಿಂದಾಗುವ ನಷ್ಟವನ್ನು ಮಳೆಗೆ ಶೇ 2–10, ಹಿಮಕ್ಕೆ ಶೇ 10–50 ಎಂದು ಸೂಚಿಸುತ್ತದೆ. ಒಳಗೋಡೆ ತೇವವಾಗುವುದರಿಂದ ಮತ್ತು ಆವಿಯಾಗುವುದರಿಂದ ಆಗುವ ನಷ್ಟ ಪ್ರತ್ಯೇಕ. ಈ ದೋಷಗಳ ವಿಶೇಷವೆಂದರೆ ಅವು ಬಹುಪಾಲು ಒಂದೇ ದಿಕ್ಕಿನವು: ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ಕೇಂದ್ರಗಳನ್ನು ಹೆಚ್ಚಿಸಿದರೆ ಯಾದೃಚ್ಛಿಕ ದೋಷ ತಗ್ಗುತ್ತದೆ, ಈ ಪಕ್ಷಪಾತ ತಗ್ಗುವುದಿಲ್ಲ. 3880 ಬಿಸಿಎಂ ಮೇಲೆ ಶೇ 2 ಎಂದರೆ 77.6, ಶೇ 5 ಎಂದರೆ 194 ಬಿಸಿಎಂ. ಮುಂಗಾರಿನ ದೊಡ್ಡ ಹನಿಯ ಬಿರುಮಳೆಯಲ್ಲಿ ಗಾಳಿಯ ನಷ್ಟ ಶ್ರೇಣಿಯ ಕೆಳತುದಿಯ ಕಡೆಗಿರುವುದು ಸಂಭವನೀಯ. ಕರಾವಳಿ ಮತ್ತು ಘಟ್ಟದ ನೆತ್ತಿಯಲ್ಲಿ ಹಾಗೆನ್ನಲು ಬಾರದು.

7.2. ಸಾಂದ್ರತೆ. ವಿಶ್ವ ಹವಾಮಾನ ಸಂಸ್ಥೆಯ ಜಲವಿಜ್ಞಾನ ಮಾರ್ಗದರ್ಶಿ ಶಿಫಾರಸು ಮಾಡುವ ಕನಿಷ್ಠ ಸಾಂದ್ರತೆ ಒಳನಾಡಿನ ಬಯಲಿನಲ್ಲಿ 575 ಚದರ ಕಿ.ಮೀ.ಗೆ, ಪರ್ವತ ಪ್ರದೇಶದಲ್ಲಿ 250 ಚದರ ಕಿ.ಮೀ.ಗೆ ಒಂದು ಮಾಪಕ. ಭಾರತೀಯ ಮಾನಕ 4987 ಇನ್ನೂ ಬಿಗಿ: ಬಯಲಿಗೆ 520, ಭಾರಿ ಮಳೆಯ ಗುಡ್ಡಗಾಡಿಗೆ 130. ವಾಡಿಕೆಗೆ ಆಧಾರವಾದ ಕೇಂದ್ರಗಳನ್ನು 4000 ಎಂದು ಹಿಡಿದು ಸಮನಾಗಿ ಹರಡಿದರೆ ಒಂದು ಕೇಂದ್ರದ ಪಾಲಿಗೆ ಸುಮಾರು 822 ಚದರ ಕಿ.ಮೀ. ಬರುತ್ತದೆ. ವಾಸ್ತವದ ಹಂಚಿಕೆ ಸಮನಾಗಿಲ್ಲ. ಬಯಲಿನಲ್ಲಿ ದಟ್ಟ, ಹಿಮಾಲಯದಲ್ಲಿ ವಿರಳ.

7.3. ಜಾಲಕ ದತ್ತಾಂಶ. 2006ರಲ್ಲಿ ಪ್ರಕಟವಾದ 1 ಡಿಗ್ರಿ ಜಾಲಕಕ್ಕೆ ಕನಿಷ್ಠ ಶೇ 90ರಷ್ಟು ದಾಖಲೆ ಇರುವ 1803 ಕೇಂದ್ರಗಳನ್ನು ಮಾತ್ರ ಆಯ್ದುಕೊಳ್ಳಲಾಗಿತ್ತು. 2014ರಲ್ಲಿ 'ಮೌಸಮ್' ಪತ್ರಿಕೆಯಲ್ಲಿ ವಿವರಿಸಲಾದ 0.25 ಡಿಗ್ರಿ ಜಾಲಕಕ್ಕೆ 1901–2010ರ ಅವಧಿಯ 6955 ಕೇಂದ್ರಗಳು ಆಧಾರ, ಆದರೆ ಇವೆಲ್ಲ ಏಕಕಾಲಕ್ಕೆ ಕಾರ್ಯನಿರತವಾಗಿರಲಿಲ್ಲ. ದಿನದಿಂದ ದಿನಕ್ಕೆ, ದಶಕದಿಂದ ದಶಕಕ್ಕೆ ಸಂಖ್ಯೆ ಬದಲಾಗಿದೆ. ಮೊದಲನೆಯದು ಸ್ಥಿರ ಜಾಲದ ಸಲುವಾಗಿ ವಿವರವನ್ನು ಬಿಟ್ಟುಕೊಟ್ಟಿತು. ಎರಡನೆಯದು ವಿವರದ ಸಲುವಾಗಿ ಸ್ಥಿರತೆಯನ್ನು. ಸರಾಸರಿ ಗಾತ್ರಕ್ಕೆ ಎರಡನೆಯದು, ಕಾಲಾಂತರದ ಹೋಲಿಕೆಗೆ ಮೊದಲನೆಯದು ಹೆಚ್ಚು ಒಗ್ಗುತ್ತದೆ ಎನ್ನಬಹುದು.

7.4. ಘಟ್ಟದ ಉದಾಹರಣೆ. ಕರ್ನಾಟಕದ ಅಕ್ಷಾಂಶದಲ್ಲಿ 0.25 ಡಿಗ್ರಿಯ ಒಂದು ಕೋಶ ಸುಮಾರು 740–750 ಚದರ ಕಿ.ಮೀ. ಆಗುಂಬೆಯ ವಾರ್ಷಿಕ ಸರಾಸರಿ 7000 ಮಿ.ಮೀ.ಗೂ ಹೆಚ್ಚು, ಅಲ್ಲಿಂದ 100 ಕಿ.ಮೀ. ಒಳಗೇ ಇರುವ ಶಿವಮೊಗ್ಗ ನಗರದಲ್ಲಿ ಅದು 1000 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಕಡಿದಾದ ಇಳಿಕೆಯನ್ನು ಮೂರು ನಾಲ್ಕು ಕೋಶಗಳು ಹೊರಬೇಕಾಗಿದೆ. ಮೇಲಿನ ಜಾಲಕದಲ್ಲಿ ಬಳಸಿದ ಶೆಪರ್ಡ್ ಅಂತರ್ವೇಶನವು ದೂರದ ಆಧಾರದ ಮೇಲೆ ತೂಕ ಕೊಡುತ್ತದೆ. ಎತ್ತರ ಅದರಲ್ಲಿ ನೇರ ಚರವಲ್ಲ. ಪರಿಣಾಮವಾಗಿ ನೆತ್ತಿಯ ಮಳೆ ಮಳೆನೆರಳಿಗೂ, ಮಳೆನೆರಳಿನ ಕೊರತೆ ನೆತ್ತಿಗೂ ಭಾಗಶಃ ಹರಡುತ್ತದೆ. ನಿವ್ವಳ ದೋಷದ ಚಿಹ್ನೆ ಕೇಂದ್ರಗಳು ಎಲ್ಲಿವೆ ಎಂಬುದನ್ನು ಅವಲಂಬಿಸಿದೆ, ಮುಂಚಿತವಾಗಿ ಹೇಳುವಂಥದ್ದಲ್ಲ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6000ಕ್ಕೂ ಹೆಚ್ಚು ದೂರಮಾಪಕ ಮಳೆಮಾಪಕಗಳನ್ನು ಇರಿಸಿದೆ. ರಾಜ್ಯದ 1,91,791 ಚದರ ಕಿ.ಮೀ.ಗೆ ಹಂಚಿದರೆ ಸುಮಾರು 32 ಚದರ ಕಿ.ಮೀ.ಗೆ ಒಂದು, ಮೇಲಿನ ಯಾವ ಮಾನಕಕ್ಕಿಂತಲೂ ದಟ್ಟ. ಇಂಥ ಜಾಲ ಆಯಾ ವರ್ಷದ ಗಾತ್ರವನ್ನು ಅಳೆಯಲು ಉತ್ತಮ ಆಧಾರ. ವಾಡಿಕೆಯನ್ನು ಬದಲಿಸಲು ಇನ್ನೂ ಅಲ್ಲ: ದಾಖಲೆಯ ಉದ್ದ ಸಾಲದು. ಜೊತೆಗೆ, ಇಂಥ ಜಾಲಗಳಲ್ಲಿ ಸಾಮಾನ್ಯವಾದ ಓಲುಬಟ್ಟಲಿನ ಮಾಪಕಗಳು ತೀವ್ರ ಮಳೆಯಲ್ಲಿ ಕಡಿಮೆ ತೋರಿಸುವುದು ಎಲ್ಲೆಡೆ ಗುರುತಿಸಲ್ಪಟ್ಟ ದೋಷ. ಕೈಯಿಂದ ಅಳೆಯುವ ಮಾಪಕಗಳ ಹಳೆಯ ಸರಣಿಗೆ ಇವನ್ನು ಹೊಂದಿಸದೆ ಜೋಡಿಸಿದರೆ ಜೋಡಣೆಯ ವರ್ಷದಲ್ಲೇ ಕೃತಕ ಮುರಿತ ಕಾಣಿಸಿಕೊಳ್ಳಬಹುದು.

7.5. ಹಿಮ. 4000ದಲ್ಲಿ ಹಿಮ ಸೇರಿದೆ. 2019ರ 3880ನ್ನು ಮಳೆರೂಪದ ವೃಷ್ಟಿ ಎಂದು ಹೇಳಲಾಗಿದೆ. ಹೀಗಾಗಿ 120 ಬಿಸಿಎಂನ ಒಂದು ಪಾಲು ವ್ಯಾಖ್ಯೆಯ ಬದಲಾವಣೆ ಇರಲೇಬೇಕು. ಅದರ ಪ್ರಮಾಣವನ್ನು ಮಾಪಕಗಳಿಂದ ನಿರ್ಧರಿಸುವುದು ಕಷ್ಟ: ಹಿಮ ಹೆಚ್ಚು ಬೀಳುವ ಎತ್ತರಗಳಲ್ಲಿ ಕೇಂದ್ರಗಳು ಕಡಿಮೆ, ಇರುವ ಕೇಂದ್ರಗಳಲ್ಲಿ ನಷ್ಟದ ಪ್ರಮಾಣ ಹೆಚ್ಚು.

8. ಶೇಷದ ಸಾಲಿನ ಮೇಲೆ ಪರಿಣಾಮ

ಜಲಲೆಕ್ಕದಲ್ಲಿ ಆವಿ-ಬಾಷ್ಪವಿಸರ್ಜನೆಯನ್ನು ಅನೇಕ ವೇಳೆ ಶೇಷವಾಗಿ ಪಡೆಯಲಾಗುತ್ತದೆ. ಆಗ ವೃಷ್ಟಿಯ ದೋಷ ಪೂರ್ತಿಯಾಗಿ ಅಲ್ಲಿಗೆ ಇಳಿಯುತ್ತದೆ. ಮೂರು ಜೋಡಿಗಳನ್ನು ಹೋಲಿಸಬಹುದು.

(ಅ) ಕೇಂದ್ರ ಜಲ ಆಯೋಗದ 1993ರ ಜಲಸಂಪತ್ತು 1869.35, ವೃಷ್ಟಿ 4000: ಅನುಪಾತ ಶೇ 46.7, ಶೇಷ 2130.65 ಬಿಸಿಎಂ.
(ಆ) 2019ರ ಜಲಸಂಪತ್ತು 1999.20, ಮಳೆ 3880: ಅನುಪಾತ ಶೇ 51.5, ಶೇಷ 1880.80 ಬಿಸಿಎಂ.
(ಇ) ಅಕ್ವಾಸ್ಟಾಟಿನ ಆಂತರಿಕ ನವೀಕರಣಶೀಲ ಸಂಪತ್ತು 1446, ವೃಷ್ಟಿ 3560: ಅನುಪಾತ ಶೇ 40.6, ಶೇಷ 2114 ಬಿಸಿಎಂ.

(ಅ)ದಿಂದ (ಆ)ಗೆ ಬರುವಾಗ ಬೀಳುವ ನೀರಿನ ಅಂಕಿ 120 ಬಿಸಿಎಂ ಇಳಿದಿದೆ, ಲಭ್ಯ ನೀರಿನ ಅಂಕಿ ಸುಮಾರು 130 ಬಿಸಿಎಂ ಏರಿದೆ, ಶೇಷ ಸುಮಾರು 250 ಬಿಸಿಎಂ ಕುಗ್ಗಿದೆ. ಇದನ್ನು ಭೌತಿಕ ಬದಲಾವಣೆ ಎಂದು ಓದಿದರೆ, ನೀರಾವರಿ ವಿಸ್ತರಿಸಿದ ಕಾಲದಲ್ಲಿ ದೇಶದ ಆವಿ-ಬಾಷ್ಪವಿಸರ್ಜನೆ ಎಂಟರಲ್ಲಿ ಒಂದು ಪಾಲಿಗೂ ಸ್ವಲ್ಪ ಕಡಿಮೆ ಇಳಿಯಿತು ಎಂದಾಗುತ್ತದೆ, ಇದು ಒಪ್ಪತಕ್ಕದ್ದಲ್ಲ. ಪದ್ಧತಿ ಬದಲಾದದ್ದೇ ಸರಳ ವಿವರಣೆ. 1993ರ ಅಂದಾಜು ಮುಖ್ಯವಾಗಿ ನದಿಗಳ ಅಳೆದ ಹರಿವಿನಿಂದ ಹೊರಟು ಮೇಲ್ಭಾಗದ ಬಳಕೆಯನ್ನು ಕೂಡಿಸಿಕೊಂಡದ್ದು. 2019ರದು ಮಳೆಯಿಂದ ಹೊರಟು ಜಲಸಮತೋಲನದ ಮಾದರಿಯ ಮೂಲಕ 20 ಜಲಾನಯನಗಳ ಲಭ್ಯತೆಯನ್ನು ಲೆಕ್ಕ ಹಾಕಿದ್ದು.

(ಇ) ಬೇರೆಯೇ ಪರಿಕಲ್ಪನೆಯದು. ಅದರಲ್ಲಿ ಗಡಿಯಾಚೆಯಿಂದ ಹರಿದುಬರುವ ನೀರು ಇಲ್ಲ. ಅಕ್ವಾಸ್ಟಾಟಿನ ಒಟ್ಟು ಸಂಪತ್ತು 1911 ಬಿಸಿಎಂ. ಅದನ್ನು ಹಿಡಿದರೆ ಅನುಪಾತ ಶೇ 53.7ಕ್ಕೆ ಏರುತ್ತದೆ. ಭಾರತೀಯ ಅಂದಾಜುಗಳಲ್ಲಿ ಬ್ರಹ್ಮಪುತ್ರ, ಗಂಗಾ ಮೊದಲಾದ ನದಿಗಳ ಗಡಿಯಾಚೆಯ ಒಳಹರಿವು ಬೆರೆತಿರುವುದರಿಂದ (ಅ), (ಆ)ಗಳ ಶೇಷವನ್ನು ಆವಿ-ಬಾಷ್ಪವಿಸರ್ಜನೆ ಎಂದು ಕರೆಯುವುದು ಕಟ್ಟುನಿಟ್ಟಾಗಿ ಸರಿಯಲ್ಲ. ಇದೇ ಕಾರಣಕ್ಕೆ, ಕೇಂದ್ರ ಜಲ ಆಯೋಗದ 2024ರ ಮೌಲ್ಯಮಾಪನ ಕೊಡುವ 2115.95 ಬಿಸಿಎಂ ಅನ್ನು 2019ರ 3880ರಿಂದ ಭಾಗಿಸಿ ಅನುಪಾತ ಹೇಳುವುದೂ ಸಲ್ಲದು.

9. ಅಂತರ್ಜಲ ಲೆಕ್ಕದಲ್ಲಿ ಬಳಕೆಯಾಗುವ ಮಳೆ

ಅಂತರ್ಜಲ ಅಂದಾಜು ಸಮಿತಿಯ 2015ರ ಪದ್ಧತಿಯಲ್ಲಿ ಮಳೆಯ ಮರುಪೂರಣವನ್ನು ಎರಡು ದಾರಿಗಳಿಂದ ಲೆಕ್ಕ ಹಾಕಲಾಗುತ್ತದೆ: ನೀರಿನ ಮಟ್ಟದ ಏರಿಳಿತ ಮತ್ತು ಮಳೆಯ ಇಂಗುವಿಕೆಯ ಗುಣಾಂಕ. ಎರಡರ ಅಂತರ ±ಶೇ 20ರ ಒಳಗಿದ್ದರೆ ಮೊದಲನೆಯದನ್ನು ಸ್ವೀಕರಿಸಲಾಗುತ್ತದೆ. ಗುಣಾಂಕದ ದಾರಿಯಲ್ಲಿ ವಾಡಿಕೆ ಮಳೆಯ ಶೇ 10 ಕನಿಷ್ಠ ಮಿತಿ, 3000 ಮಿ.ಮೀ. ಗರಿಷ್ಠ ಮಿತಿ. ಅಂದರೆ ಕರಾವಳಿ ಮತ್ತು ಘಟ್ಟದ ಅನೇಕ ತಾಲ್ಲೂಕುಗಳಲ್ಲಿ 3000 ಮಿ.ಮೀ. ಮೀರಿದ ಮಳೆ ರಾಷ್ಟ್ರೀಯ ವೃಷ್ಟಿಯ ಸಾಲಿನಲ್ಲಿದೆ, ಮರುಪೂರಣದ ಲೆಕ್ಕದಲ್ಲಿಲ್ಲ. ಜಲವಿಜ್ಞಾನದ ದೃಷ್ಟಿಯಿಂದ ಇದು ಸಮಂಜಸ, ಏಕೆಂದರೆ ಜಲಧರ ತುಂಬಿದ ಮೇಲಿನ ಮಳೆ ಹರಿದುಹೋಗುತ್ತದೆ. ಲೆಕ್ಕಪದ್ಧತಿಯ ದೃಷ್ಟಿಯಿಂದ ಮಾತ್ರ ಎರಡು ತೊಡಕುಗಳಿವೆ. ಒಂದೇ ದೇಶದ ಎರಡು ಸಾಲುಗಳಲ್ಲಿ 'ಮಳೆ' ಎಂಬ ನಮೂದು ಎರಡು ಪ್ರಮಾಣಗಳನ್ನು ಸೂಚಿಸುತ್ತದೆ. ಅಲ್ಲದೆ, ಮಳೆಯಿಂದ ನೇರವಾಗಿ ಅಂತರ್ಜಲಕ್ಕೆ ಎಂಬ ಈ ಹರಿವು 2ನೇ ಭಾಗದಲ್ಲಿ ಹೇಳಿದ ಅಂತರರಾಷ್ಟ್ರೀಯ ಕೋಷ್ಟಕದಲ್ಲಿ ಮಣ್ಣಿನ ಕಾಲಮ್ಮನ್ನು ಹಾದುಬರಬೇಕು. ಹಾಗೆ ಮರುವಿಂಗಡಿಸದೆ ಸೇರಿಸಿದರೆ ಅಷ್ಟು ನೀರು ಎರಡು ಬಾರಿ ಎಣಿಕೆಯಾಗುವ ಅಪಾಯವಿದೆ.

10. ನಿಗಮನಗಳು

10.1. 4000, 3880, 3560 ಎಂಬವು ಒಂದೇ ಪರಿಮಾಣದ ಮೂರು ಕಾಲದ ಅಳತೆಗಳಲ್ಲ. ಮೊದಲನೆಯದು ಹಿಮ ಸೇರಿದ ಪೂರ್ಣಾಂಕಿತ ಅಂದಾಜು. ಎರಡನೆಯದು 30 ವರ್ಷಗಳ ಮಳೆಯ ಗಾತ್ರ. ಮೂರನೆಯದು ಆಳವನ್ನು ವಿಸ್ತೀರ್ಣದಿಂದ ಗುಣಿಸಿದ್ದು. ಇವುಗಳಿಂದ ಪ್ರವೃತ್ತಿಯನ್ನು ಹೊರಡಿಸಲಾಗದು.

10.2. 120 ಬಿಸಿಎಂ ಅಂತರಕ್ಕೆ ಸಾಕಾಗಬಹುದಾದ ಕಾರಣಗಳು ಪ್ರತ್ಯೇಕವಾಗಿ ಕನಿಷ್ಠ ಮೂರಿವೆ: ವಿಸ್ತೀರ್ಣ (140 ಬಿಸಿಎಂವರೆಗೆ), ಅವಧಿಯ ಆಯ್ಕೆ (ಎರಡು ಮಾನಕ ದೋಷಗಳಷ್ಟು ಹಿಡಿದರೆ 104 ಅಥವಾ ಹೆಚ್ಚು), ಮಾಪಕದ ನಷ್ಟ (ಶೇ 2ರಿಂದ 5ರಲ್ಲಿ 78–194). ಮೊದಲೆರಡು ಯಾವ ದಿಕ್ಕಿಗೂ ಎಳೆಯಬಹುದು. ಮೂರನೆಯದು ನಿಜಮೌಲ್ಯ ಪ್ರಕಟಿತ ಅಂಕಿಗಿಂತ ಹೆಚ್ಚಿರಬಹುದೆಂದು ಸೂಚಿಸುತ್ತದೆ. ಇವುಗಳ ಸಾಪೇಕ್ಷ ಪಾಲನ್ನು ಈಗಿನ ಪ್ರಕಟಿತ ಮೊತ್ತಗಳಿಂದ ಬಿಡಿಸಲಾಗದು.

10.3. ರಾಷ್ಟ್ರೀಯ ಲೆಕ್ಕದಲ್ಲಿ ವೃಷ್ಟಿಯನ್ನು ನಮೂದಿಸುವಾಗ ಐದು ಸಂಗತಿಗಳು ಅಂಕಿಯ ಜೊತೆಗೇ ಇರುವುದು ಅಪೇಕ್ಷಣೀಯ: ಬಳಸಿದ ವಿಸ್ತೀರ್ಣ, ವರ್ಷದ ವ್ಯಾಖ್ಯೆ ಮತ್ತು ಆಧಾರ ಅವಧಿ, ಕೇಂದ್ರಗಳ ಸಂಖ್ಯೆ ಮತ್ತು ಅಂತರ್ವೇಶನದ ಪದ್ಧತಿ, ಹಿಮ ಸೇರಿದೆಯೋ ಇಲ್ಲವೋ, ಮಾಪಕದ ನಷ್ಟವನ್ನು ಸರಿದೂಗಿಸಿದೆಯೋ ಇಲ್ಲವೋ.

10.4. ಈ ಐದು ಇಲ್ಲದ ಕಡೆ, ಎರಡು ಮೂಲಗಳ ನಡುವಿನ ಶೇ 5ರವರೆಗಿನ ಅಂತರವನ್ನು ಮಾಪನದ ಅಂತರವೆಂದು ಹಿಡಿಯುವುದು ಸುರಕ್ಷಿತ. ಅಕ್ವಾಸ್ಟಾಟಿನ ಅಂಕಿ ಈ ಪಟ್ಟಿಯಿಂದ ಹೊರಗಿದೆ: ಈಗಿನ ವಾಡಿಕೆಗಿಂತ ಅದು ಶೇ 6.6ರಷ್ಟು ಕಡಿಮೆ. 31,66,414 ಚದರ ಕಿ.ಮೀ. ಆಧಾರದ 3673ಕ್ಕೆ ಹೋಲಿಸಿದರೆ ಅಂತರ ಶೇ 3.1ಕ್ಕೆ ಇಳಿಯುತ್ತದೆ, ಆದರೆ ಎರಡು ಬೇರೆ ವಿಸ್ತೀರ್ಣಗಳ ನಡುವಿನ ಈ ಹೊಂದಾಣಿಕೆಗೆ ಅರ್ಥ ಕಲ್ಪಿಸುವುದು ಅವಸರದ ಮಾತಾದೀತು.